ಆಂಟಿಯ ಇಟಲಿ ಶಾಪಿಂಗ್

ಕಳೆದ ತಿಂಗಳು ಮಗಳ ವಯೊಲಿನ್ ರಿಪೇರಿಗೆಂದು ಪ್ಲೇನ್‌ಫೀಲ್ಡ್‌ನ ನಮ್ಮ ಮನೆಯಿಂದ ಸ್ವಲ್ಪ ದೂರದ ಒಂದು ಸಣ್ಣ ಅಂಗಡಿಗೆ ಹೋಗಿದ್ದೆ. ಚಳಿಗಾಲದಲ್ಲಿ ಹೀಟರ್ ಓಡಿ ಓಡಿ ಮನೆಯೊಳಗಿನ ಗಾಳಿ ಒಣಗಿ, ವಯೊಲಿನ್ನಿನ ಅಂಚು ಅಂಟು ಬಿಟ್ಟುಕೊಂಡಿತ್ತು. ಅಂಗಡಿಯೊಳಗೆ ಕಾಲಿಟ್ಟೆನೋ ಇಲ್ಲವೋ, ಆ ವಾಸನೆ ಮೂಗಿಗೆ ಬಡಿಯಿತು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪುಟ್ಟ ಪಾತ್ರೆ ಇಟ್ಟು ಅಂಟು ಕಾಯಿಸುತ್ತಿದ್ದರು. ನಮ್ಮ ಕಡೆಯ ಬಡಗಿಗಳು ಮರವಜ್ರ ಅನ್ನುತ್ತಿದ್ದರಲ್ಲ, ಅಂಥ ಅಂಟು. ಒದ್ದೆ ಚರ್ಮದ, ಹಳೆಯ ಮರದ ಹೊಟ್ಟಿನ ವಾಸನೆ. ಮಗಳು "ಇಟ್ ಸ್ಟಿಂಕ್ಸ್, ಅಮ್ಮ" ಎಂದು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಉಸಿರೆಳೆದುಕೊಂಡು ನಿಂತೆ. ಆ ವಾಸನೆಯನ್ನು ನಾನು ಅದಕ್ಕೆ ಮುಂಚೆ ಒಂದೇ ಒಂದು ಕಡೆ ಕಂಡಿದ್ದೆ… ನೇಪಲ್ಸಿನ ಒಂದು ಓಣಿಯಲ್ಲಿ, ಪಕ್ಕದ ಮನೆಯ ಆಂಟಿಯ ಜೊತೆ.

ಆಂಟಿ ಹೋಗಿ ಎರಡು ವರ್ಷವಾಗುತ್ತ ಬಂತು. ಅವರು ನನ್ನ ಕೈಗೆ ಕೊಟ್ಟುಹೋದ ಒಂದು ಗುಟ್ಟು ಇನ್ನೂ ನನ್ನ ಹತ್ತಿರವೇ ಇತ್ತು. ಅದನ್ನು ಅವರ ಗಂಡನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತ ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು, ಹವಾಮಾನದ ಮಾತಾಡಿ ಇಟ್ಟುಬಿಟ್ಟಿದ್ದೆ.

ನಾವು ಆಗ ಮಿಷಿಗನ್ನಿನ ಟ್ರಾಯ್‌ನಲ್ಲಿದ್ದೆವು. ನಮ್ಮ ಗ್ಯಾರೇಜಿಗೂ ಅವರ ಗ್ಯಾರೇಜಿಗೂ ನಡುವೆ ಹುಲ್ಲಿನ ಒಂದು ಪಟ್ಟಿ ಅಷ್ಟೇ. ಮೈಸೂರಿನವರು. ಅಂಕಲ್ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಡಿಸೈನ್ ಎಂಜಿನಿಯರ್ ಆಗಿದ್ದು ಆಗತಾನೆ ರಿಟೈರ್ ಆಗಿದ್ದರು. ಆಂಟಿಯದು ಗಟ್ಟಿ ದನಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಹಿಮ ಬಿದ್ದಾಗಲೂ ಕಾಟನ್ ಸೀರೆಯ ಮೇಲೆ ದಪ್ಪ ಜಾಕೆಟ್ ಏರಿಸಿ ಸಾರಿನ ಡಬ್ಬಿ ಹಿಡಿದು ಹುಲ್ಲು ದಾಟಿ ಬರುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದು "ಗಾಬರಿ ಗೌರಮ್ಮ" ಎಂದು. ತಪ್ಪೇನಿಲ್ಲ. ಸ್ಟವ್ ಆರಿಸಿದೆನೋ ಇಲ್ಲವೋ ಎಂದು ಫ್ರೀವೇ ಹತ್ತಿದ ಮೇಲೆ ಮುಂದಿನ ಎಕ್ಸಿಟ್‌ನಲ್ಲಿ ಕಾರು ತಿರುಗಿಸಿಕೊಂಡು ಬಂದವಳು ನಾನು. ವೀಸಾದ ಮೇಲೆ ಬದುಕುವವರಿಗೆ ಗಾಬರಿ ಎನ್ನುವುದು ಊಟ ನಿದ್ದೆಯಷ್ಟೇ ಸಹಜ ಎಂದು ನಾನು ವಾದಿಸುತ್ತಿದ್ದೆ. ಆಂಟಿ ಸಿಟಿಜನ್, ಅವರಿಗೆ ಇದೆಲ್ಲ ನಗೆಪಾಟಲು. ಅವರು ಗಾಬರಿಯಾದದ್ದನ್ನು ನಾನು ಒಂದೇ ಸಲ ನೋಡಿದ್ದು.

ನವರಾತ್ರಿಯಲ್ಲಿ ಅವರ ಮನೆಯ ಗೊಂಬೆ ಎಂದರೆ ಊರಿಗೇ ಹೆಸರುವಾಸಿ. ಲಿವಿಂಗ್ ರೂಮಿನ ಸೋಫಾಗಳನ್ನೆಲ್ಲ ಗ್ಯಾರೇಜಿಗೆ ಸಾಗಿಸಿ ಮೆಟ್ಟಿಲು ಕಟ್ಟುತ್ತಿದ್ದರು. ಎಲ್ಲಕ್ಕೂ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಅಂದರೆ ರಕ್ತಚಂದನದ ಮರದ ರಾಜ ರಾಣಿ. ಮದುವೆಯಲ್ಲಿ ತಾಯಿ ಮಗಳಿಗೆ ಕೊಡುವ ಜೋಡಿ ಅದು. ಹಬ್ಬದ ಮೊದಲ ದಿನ ಇವರನ್ನು ಪಟ್ಟಕ್ಕೆ ಕೂರಿಸಿದ ಮೇಲೆಯೇ ಉಳಿದ ಗೊಂಬೆಗಳು ಹತ್ತಬೇಕು. ಆಂಟಿ ಪ್ರತಿ ವರ್ಷ ಆ ಜೋಡಿಗೆ ಹೊಸ ಜರಿ ಬಟ್ಟೆ ಹೊಲಿದು ತೊಡಿಸುತ್ತಿದ್ದರು. "ಇವರು ಅಂಕಲ್ಲು, ಇವಳು ನಾನು" ಎಂದು ಬಂದ ಮಕ್ಕಳಿಗೆಲ್ಲ ಪರಿಚಯ ಮಾಡಿಕೊಡುತ್ತಿದ್ದರು. ಮಕ್ಕಳು ಗೊಂಬೆಯನ್ನೂ ಅಂಕಲ್ಲನ್ನೂ ನೋಡಿ, ವೇರ್ ಈಸ್ ಹಿಸ್ ಮಸ್ಟಾಷ್, ಎಂದು ಕೇಳುತ್ತಿದ್ದರು.

ಆ ವರ್ಷ ಬೇಸಿಗೆಯ ಕೊನೆಯಲ್ಲಿ ಅಂಕಲ್‌ಗೆ ಹೃದಯದ ವಾಲ್ವ್ ಬದಲಾಯಿಸಬೇಕು ಎಂದು ಡಾಕ್ಟರು ಹೇಳಿದರು. ಎದೆ ತೆರೆದು ಮಾಡುವ ಆಪರೇಷನ್. ನವರಾತ್ರಿಗೆ ಮುಂಚಿನ ಒಂದು ದಿನ ಗೊತ್ತಾಯಿತು. ಅಂಕಲ್ ಆರಾಮಾಗಿದ್ದರು, ವಾಲ್ವಿನ ಚಿತ್ರ ಬರೆದು ನನ್ನ ಗಂಡನಿಗೆ ಅದರ ಕೆಲಸ ವಿವರಿಸುತ್ತಿದ್ದರು. ಆಂಟಿಯೂ ಧೈರ್ಯವಾಗಿಯೇ ಇದ್ದರು.

ಅದಾಗಿ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ ನಾನು ಮನೆಯಿಂದ ಕೆಲಸ ಮಾಡುತ್ತಿದ್ದಾಗ, ಆಂಟಿ ಗ್ಯಾರೇಜಿನ ಬಾಗಿಲಿನಿಂದಲೇ ಒಳಗೆ ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡಿದ್ದರು. ಟೇಬಲ್ ಮೇಲಿಟ್ಟು ಬಿಚ್ಚಿದರು. ರಾಜ. ಬಟ್ಟೆಯಿಲ್ಲದೆ ಅವನನ್ನು ನಾನು ನೋಡಿದ್ದು ಅದೇ ಮೊದಲು. ಕುತ್ತಿಗೆಯ ಬುಡದಿಂದ ಶುರುವಾಗಿ, ಎಡಗಡೆಯ ಎದೆಯ ಮೇಲೆ ಹಾದು, ಹೊಟ್ಟೆಯವರೆಗೆ ಸೀಳು. ಉಗುರು ಒಳಗೆ ಹೋಗುವಷ್ಟು.

ಹಬ್ಬದ ಬಟ್ಟೆಗೆ ಅಳತೆ ತೆಗೆಯಲೆಂದು ಬೇಸ್‌ಮೆಂಟಿನಿಂದ ಪೆಟ್ಟಿಗೆ ತೆಗೆದಿದ್ದರಂತೆ. ಹಿಂದಿನ ವರ್ಷ ಹಬ್ಬ ಮುಗಿದಾಗ, ಬೇಸ್‌ಮೆಂಟಿನಲ್ಲಿ ಥಂಡಿ, ಗೊಂಬೆಗೆ ಬೂಷ್ಟು ಹಿಡಿದೀತು ಎಂದು ಹೆದರಿ ಪೆಟ್ಟಿಗೆಯನ್ನು ಮನೆ ಬಿಸಿಮಾಡುವ ಫರ್ನೇಸಿನ ಮಗ್ಗುಲಲ್ಲೇ ಇಟ್ಟಿದ್ದರು. ಮೈಸೂರಿನ ಮಳೆಗಾಲ ಕಂಡವರ ಬುದ್ಧಿ. ಮಿಷಿಗನ್ನಿನ ಚಳಿಗಾಲವಿಡೀ ಬಿಸಿ ಗಾಳಿ ಕುಡಿದು ಮರ ಬಾಯಿಬಿಟ್ಟಿತ್ತು. ರಾಣಿ ಪೆಟ್ಟಿಗೆಯ ಆಚೆ ಬದಿಯಲ್ಲಿದ್ದಳು, ಅವಳಿಗೆ ಏನೂ ಆಗಿರಲಿಲ್ಲ.

"ಬಟ್ಟೆ ಹಾಕಿದ್ರೆ ಕಾಣಲ್ಲ ಬಿಡಿ ಆಂಟಿ," ಅಂದೆ.

"ನಿಮ್ಮ ಅಂಕಲ್‌ಗೂ ಷರ್ಟ್ ಹಾಕಿದ್ರೆ ಏನೂ ಕಾಣಲ್ಲ," ಅಂದರು ಆಂಟಿ.

ಮೈಸೂರಿನಿಂದ ಹೊಸ ಜೋಡಿ ತರಿಸಬಹುದಲ್ಲ ಎಂದು ಕೇಳಿದೆ. "ಗಂಡನ್ನ ಬದ್ಲಾಯ್ಸು ಅಂದ ಹಾಗಾಯ್ತು ಕಣೇ" ಎಂದು ನಗಲು ನೋಡಿದರು, ಆಗಲಿಲ್ಲ. ಭಿನ್ನವಾದದ್ದನ್ನು ಪಟ್ಟಕ್ಕೆ ಕೂರಿಸುವ ಹಾಗಿಲ್ಲ. ಊರಿಗೆ ಫೋನ್ ಮಾಡಿದರೆ ಅತ್ತೆಗೆ ಗೊತ್ತಾಗುತ್ತದೆ, ತೊಂಬತ್ತರ ಹತ್ತಿರದ ಜೀವ, ಮಗನ ಆಪರೇಷನ್ ಎಂದು ಆಗಲೇ ಅನ್ನ ಬಿಟ್ಟು ಕೂತಿದೆ. ಅಂಕಲ್‌ಗೆ ಹೇಳಿದರೆ ನಕ್ಕು ಗ್ಯಾರೇಜಿನಲ್ಲಿ ಎಪಾಕ್ಸಿ ಅಂಟು ಹಾಕಿ ಮೆತ್ತುತ್ತಾರೆ. ಆದರೆ ಆಪರೇಷನ್ ಟೇಬಲ್ ಮೇಲೆ ಮಲಗಿದಾಗ ಆ ಸೀಳು ಅವರಿಗೆ ನೆನಪಾಗದೆ ಇರುತ್ತದೆಯೇ? ಆದ್ದರಿಂದ ಯಾರಿಗೂ ಹೇಳುವಂತಿಲ್ಲ. ಆಪರೇಷನ್ನಿಗೆ ಮುಂಚೆ ಸೀಳು ಕೂಡಬೇಕು. ಇದಿಷ್ಟು ಅವರ ಲೆಕ್ಕ. ನಾನು ಮೂಢನಂಬಿಕೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅಂದುಕೊಳ್ಳುತ್ತಲೇ ರೇಷ್ಮೆ ತುಂಡನ್ನು ಎಳೆದು ಆ ಸೀಳು ಮುಚ್ಚಿದೆ.

ಇಟಲಿಯ ಮಾತು ಬಂದದ್ದು ನನ್ನ ಬಾಯಿಂದಲೇ. ನೇಪಲ್ಸಿನ ಹತ್ತಿರ ನಮ್ಮ ಕಂಪನಿಯ ಒಂದು ಪ್ಲಾಂಟ್ ಇತ್ತು. ಸೆಪ್ಟೆಂಬರಿನಲ್ಲಿ ಒಂದು ವಾರ ನಾನು ಅಲ್ಲಿಗೆ ಹೋಗಬೇಕಿತ್ತು. ಹೋಗುವ ಊರಿನ ವೀಡಿಯೊ ನೋಡುವುದು ನನ್ನ ಚಟ, ಕಳ್ಳರು ಎಲ್ಲಿರುತ್ತಾರೆ ಎಂದು ಮೊದಲೇ ತಿಳಿಯಲು. ಹಾಗೆ ನೋಡುವಾಗ ಆ ಊರಿನ ಹಳೆಯ ಭಾಗದಲ್ಲಿ ಗೊಂಬೆ ಮಾಡುವವರ ಒಂದು ಬೀದಿಯೇ ಇರುವುದು ಕಂಡಿತ್ತು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಕ್ರಿಸ್‌ಮಸ್ಸಿಗೆ ಮನೆಮನೆಯಲ್ಲಿ ಜೋಡಿಸಲು ಬೇಕಾದ ಮಣ್ಣಿನ, ಮರದ ಗೊಂಬೆಗಳು. ಅಲ್ಲಿ ಹಳೆಯ ಗೊಂಬೆಗಳನ್ನು ರಿಪೇರಿ ಮಾಡುವವರೂ ಇದ್ದಾರೆ ಎಂದೆ, ಸುಮ್ಮನೆ ಸಮಾಧಾನಕ್ಕೆ. ಆಂಟಿ ಫೋನ್ ಕಿತ್ತುಕೊಂಡು ವೀಡಿಯೊ ನೋಡಿದರು. "ಇವರೇನೇ, ವರ್ಷ ಪೂರ್ತಿ ಗೊಂಬೆ ಹಬ್ಬ ಮಾಡ್ತಾರಾ?" ಅಂದರು. ಆಮೇಲೆ, "ನಾನೂ ಬರ್ತೀನಿ."

ಗಂಡನಿಗೆ ಆಪರೇಷನ್, ಹೆಂಡತಿಗೆ ಇಟಲಿ ಟೂರ್! ಟ್ರಾಯ್‌ನ ಕನ್ನಡದವರ ಬಾಯಿಗೆ ಅದಕ್ಕಿಂತ ಒಳ್ಳೆಯ ಬೆಲ್ಲ ಬೇಕೇ? ಬಾಸ್ಟನ್ನಿನಿಂದ ಅಪ್ಪನನ್ನು ನೋಡಿಕೊಳ್ಳಲು ಬಂದಿದ್ದ ಮಗಳು "ನೌ? ಸೀರಿಯಸ್ಲಿ, ಮಾಮ್?" ಎಂದು ಕೂಗಾಡಿದಳಂತೆ. "ಇವಳ ಹೋಟೆಲ್ ರೂಮ್ ಫ್ರೀ ಇದೆ, ಈ ಚಾನ್ಸ್ ಮತ್ತೆ ಸಿಗಲ್ಲ, ಕ್ರಾಫ್ಟ್ಸ್ ಶಾಪಿಂಗ್ ಮಾಡ್ಬೇಕು" ಎಂದರಂತೆ ಆಂಟಿ. ಏರ್‌ಪೋರ್ಟಿಗೆ ಅಂಕಲ್ ತಾವೇ ಡ್ರೈವ್ ಮಾಡಿಕೊಂಡು ಬಂದು ಬಿಟ್ಟರು. "ಎಂಜಾಯ್ ಮಾಡು" ಅಂದರು. ಆ ಎರಡು ಪದ ಹೇಳುವಾಗ ಅವರು ಆಂಟಿಯ ಮುಖ ನೋಡಲಿಲ್ಲ ಎನ್ನುವುದನ್ನು ನಾನು ನೋಡಿದೆ.

ರಾಜ ಆಂಟಿಯ ಕೈಚೀಲದಲ್ಲಿದ್ದ. ವಿಮಾನದಲ್ಲಿ ಆ ಚೀಲವನ್ನು ಮೇಲಿಡಲು ಒಪ್ಪಲಿಲ್ಲ, ತೊಡೆಯ ಮೇಲಿಂದ ಇಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ಆ ಬೀದಿಗೆ ಹೋದೆವು. ಬೀದಿ ಎಂದರೆ ಇಬ್ಬರು ಕೈ ಚಾಚಿದರೆ ಎರಡೂ ಬದಿಯ ಗೋಡೆ ಸಿಕ್ಕೀತು ಅನ್ನುವಂಥದ್ದು. ಎರಡೂ ಕಡೆ ನೆಲದಿಂದ ತಲೆಯ ಮೇಲಿನವರೆಗೆ ಗೊಂಬೆಗಳು. ಮೀನು ಮಾರುವವನು, ಬಟ್ಟೆ ಒಗೆಯುವವಳು, ಮರದ ಕೆಳಗೆ ಮಲಗಿದ ಕುರುಬ, ಒಲೆಯ ಮುಂದೆ ಪಿಜ್ಜಾ ಹಿಡಿದು ನಿಂತವನು. ಅವನ ಒಲೆಯಲ್ಲಿ ನಿಜವಾಗಿ ಕೆಂಪು ದೀಪ ಉರಿಯುತ್ತಿತ್ತು. ದಿನಸಿ ಅಂಗಡಿಯ ಗಂಡ ಹೆಂಡತಿಯನ್ನು ಕಂಡು ಆಂಟಿ ನಿಂತೇಬಿಟ್ಟರು. "ನೋಡೇ, ನಮ್ಮ ಶೆಟ್ಟಿ ಶೆಟ್ಟಿತಿ! ಹೊಟ್ಟೆ ಕೂಡ ಅಷ್ಟೇ ಇದೆ!" ನಮ್ಮ ಗೊಂಬೆ ಹಬ್ಬದಲ್ಲಿ ಅಕ್ಕಿ ಬೇಳೆ ಹರಡಿಕೊಂಡು ಕೂರುವ ಅಂಗಡಿಯ ಜೋಡಿ ಏಳು ಸಮುದ್ರ ದಾಟಿ ಚೀಸು ಮಾರುತ್ತಿತ್ತು. ಒಂದು ಕ್ಷಣ ಆಂಟಿ ಎಲ್ಲ ಮರೆತು ಹುಡುಗಿಯಾಗಿದ್ದರು… ನಾನು ಪಾಸ್‌ಪೋರ್ಟಿನ ಚೀಲ ತಡಕಿಕೊಳ್ಳುತ್ತ, ಸ್ಕೂಟರುಗಳಿಗೆ ದಾರಿ ಬಿಡುತ್ತ, ಮಧ್ಯಾಹ್ನ ಅಂಗಡಿ ಮುಚ್ಚಿಬಿಟ್ಟರೆ ಎಂದು ಗಡಿಯಾರ ನೋಡುತ್ತ ನಿಂತಿದ್ದೆ.

ಮೊದಲ ಅಂಗಡಿಯವನು ರಾಜನನ್ನು ತಿರುಗಿಸಿ ನೋಡಿ, ತಮ್ಮದು ಮಣ್ಣಿನ ಕೆಲಸ ಎಂದು ಕೈಯಾಡಿಸಿದ. ಇನ್ನೊಬ್ಬ ಮೈಗೆಲ್ಲ ಹೊಸ ಬಣ್ಣ ಬಳಿದು ಕೊಡುತ್ತೇನೆ ಎಂದ. ಆಂಟಿ ಗೊಂಬೆಯನ್ನು ಕಸಿದುಕೊಂಡರು. ಮೂರನೆಯವಳೊಬ್ಬಳು ನಮ್ಮನ್ನು ಕೈಹಿಡಿದು ಪಕ್ಕದ ಓಣಿಗೆ ಕರೆದೊಯ್ದು, ಚರ್ಚುಗಳ ಮರದ ವಿಗ್ರಹ ಸರಿಮಾಡುವ ಒಬ್ಬ ಮುದುಕನ ಬಾಗಿಲಿಗೆ ಬಿಟ್ಟಳು. ಅಲ್ಲಿಯೇ ಆ ಅಂಟಿನ ವಾಸನೆ.

ಮುದುಕನಿಗೆ ಇಂಗ್ಲಿಷ್ ಬರದು, ನಮಗೆ ಅವನ ಭಾಷೆ ಬರದು. ಫೋನಿನ ಆಪ್ ನಡುವೆ ಕೂತು ಮಾತಾಡಿತು. ಅವನು ಸೀಳಿನ ಮೇಲೆ ಬೆರಳಾಡಿಸಿದ, ಬೆಳಕಿಗೆ ಹಿಡಿದ, ಸಾಧ್ಯ ಎಂದ. ಅಂಟು ಯಾವುದರದ್ದು ಎಂದು ನಾನು ಕೇಳಬಾರದಿತ್ತು. ಮೊಲದ ಚರ್ಮದ್ದು ಎಂದು ಫೋನು ಸ್ಪಷ್ಟ ಕನ್ನಡದಲ್ಲಿ ಹೇಳಿತು. ಈರುಳ್ಳಿಯನ್ನೂ ಹಬ್ಬದ ದಿನ ಮನೆಗೆ ಸೇರಿಸದ ಆಂಟಿ! ಕೆಲಸ ಕೆಟ್ಟಿತು ಎಂದುಕೊಂಡೆ. ಅವರು ಕುದಿಯುವ ಪಾತ್ರೆಯನ್ನು ಬಹಳ ಹೊತ್ತು ನೋಡಿದರು. "ಮೃದಂಗಕ್ಕೆ ಯಾವ್ದು ಕಟ್ಟಿರ್ತಾರೆ? ದೇವರ ಮುಂದೇನೇ ಬಾರಿಸ್ತಾರಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. "ಪಾಪ, ಮೊಲ. ಹಾಕು ಅಂತ ಹೇಳು."

ಆದರೆ ಮುದುಕನದೊಂದು ಪಟ್ಟು. ಕೂಡಿದ ಕಡೆ ಕೂದಲೆಳೆಯಷ್ಟು ಗೆರೆ ಉಳಿಸುತ್ತೇನೆ, ಮರಕ್ಕೆ ಏನಾಗಿತ್ತು ಎಂದು ನೋಡುವವರಿಗೆ ತಿಳಿಯಬೇಕು, ತಮ್ಮ ಗುರುಗಳು ಕಲಿಸಿದ್ದು ಹಾಗೆ ಎಂದ. ಆಂಟಿ ಫೋನಿನ ಹತ್ತಿರ ಬಾಗಿ ಒಂದೊಂದೇ ಮಾತು ಬಿಡಿಸಿ ಹೇಳಿದರು. "ಗೆರೆ ಬೇಡ. ಯಾರಿಗೂ ಗೊತ್ತಾಗ್ಬಾರ್ದು. ಹುಡುಕಿದ್ರೂ ಸಿಗ್ಬಾರ್ದು." ಅವನು ತಲೆಯಾಡಿಸಿ ಏನೋ ವಾದಿಸಿದ. ಆಂಟಿ ತಮ್ಮ ಎದೆಯ ನಡುವೆ ಬೆರಳಿನಿಂದ ಮೇಲಿಂದ ಕೆಳಕ್ಕೆ ಗೆರೆ ಎಳೆದು, ಕೈ ಜೋಡಿಸಿ, ದೂರದ ಯಾವುದೋ ಊರಿನ ಕಡೆ ತೋರಿಸಿದರು. ಅವನಿಗೆ ಏನು ಅರ್ಥವಾಯಿತೋ. ಗೊಂಬೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಬುಧವಾರ ಬನ್ನಿ ಎಂದ. ನಮ್ಮ ವಿಮಾನ ಶುಕ್ರವಾರ ಇತ್ತು.

ಸೋಮವಾರದಿಂದ ನಾನು ಪ್ಲಾಂಟಿಗೆ ಹೋದೆ. ಆಂಟಿ ದಿನಾ ಆ ಬೀದಿಗೆ ಹೋಗುತ್ತಿದ್ದರು. ಸುಮ್ಮನೆ ಬಾಗಿಲಲ್ಲಿ ನಿಂತರೆ ಮುದುಕ ಬೇಸರಪಟ್ಟಾನು ಎಂದು, ಕೈಯಲ್ಲೊಂದು ಪೊಟ್ಟಣ ಹಿಡಿದು, ಶಾಪಿಂಗಿಗೆ ಬಂದವರ ಹಾಗೆ ಆ ಕಡೆಯಿಂದ ಈ ಕಡೆಗೆ ಹಾಯುವುದು. ಹಾಗೆ ಮೀನಿನವನು ಬಂದ, ಅಗಸಗಿತ್ತಿ ಬಂದಳು, ಕುರುಬ ಬಂದ, ಪಿಜ್ಜಾದವನು ಬಂದ. ಸಂಜೆ ಅಂಕಲ್ ವೀಡಿಯೊ ಕಾಲ್ ಮಾಡಿದಾಗ ಆಂಟಿ ಒಂದೊಂದನ್ನೇ ತೋರಿಸುತ್ತಿದ್ದರು. "ಚೆನ್ನಾಗಿದೆ, ಚೆನ್ನಾಗಿದೆ," ಎನ್ನುತ್ತಿದ್ದರು ಅಂಕಲ್. ಮಂಗಳವಾರ ಅವರೇ ಹೇಳಿದರು, ಆಪರೇಷನ್ ಗೊತ್ತಾದ ದಿನಕ್ಕಿಂತ ಮುಂಚೆಯೇ ಬಂದಿದೆ, ಬರುವ ಸೋಮವಾರವೇ ಅಂತೆ. ಕಾಲ್ ಮುಗಿದ ಮೇಲೆ ಆಂಟಿ ಪಿಜ್ಜಾದವನನ್ನು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದರು.

ಬುಧವಾರ ನಾನು ಪ್ಲಾಂಟಿನಲ್ಲಿ ಮೀಟಿಂಗಿನಲ್ಲಿದ್ದಾಗ ಫೋನ್ ಬಂತು. ಆಂಟಿಯ ದನಿ ಗುರುತೇ ಸಿಗಲಿಲ್ಲ.

"ಬಾಗ್ಲು ಹಾಕಿದೆ ಕಣೇ. ಬೀಗ. ಬಡಿದೆ, ಕೂಗಿದೆ, ಯಾರೂ ಇಲ್ಲ."

ಸಂಜೆ ನಾನು ಹೋದಾಗಲೂ ಬೀಗ. ಅಕ್ಕಪಕ್ಕದವರನ್ನು ಕೇಳಿದರೆ ಎಲ್ಲರೂ ಒಮ್ಮೆಲೇ ಮಾತಾಡಿ ಕೈ ಎತ್ತಿ ಎತ್ತಿ ಮೇಲೆ ತೋರಿಸುತ್ತಿದ್ದರು. ಫೋನಿನ ಆಪ್ ಆ ಗದ್ದಲದಲ್ಲಿ ತಲೆಬುಡವಿಲ್ಲದೆ ಏನೇನೋ ಒದರಿತು. ನನಗಂತೂ ಅವರ ಕೈಸನ್ನೆಗೆ ಒಂದೇ ಅರ್ಥ ಹೊಳೆದದ್ದು, ಮುದುಕ ಮೇಲಕ್ಕೆ ಹೋದ. ಆಂಟಿಗೂ ಅದೇ ಹೊಳೆದಿರಬೇಕು. ಓಣಿಯ ಕಲ್ಲುಮೆಟ್ಟಿಲ ಮೇಲೆ ಕುಸಿದು ಕೂತರು. ನಾನು ಅವರಿಗೆ ಧೈರ್ಯ ಹೇಳಬೇಕಿತ್ತು. ಆದರೆ ನಾನೇ ಲೆಕ್ಕ ಹಾಕುತ್ತ ನಿಂತೆ. ರಾಜ ಒಳಗೆ ಸಿಕ್ಕಿಬಿದ್ದ, ಕೀಲಿ ಯಾರ ಹತ್ತಿರವೋ, ಸೋಮವಾರ ಆಪರೇಷನ್… ಮೂಢನಂಬಿಕೆ ಎಂದುಕೊಂಡಿದ್ದವಳು ಆ ಬೀಗದ ಮುಂದೆ ನಿಂತು ಚಾಮುಂಡಿಗೆ ಹರಕೆ ಹೊತ್ತೆ.

ಗುರುವಾರ ಸಂಜೆಯೂ ಬೀಗ. "ನಾನು ಇವನನ್ನ ಬಿಟ್ಟು ಬರಲ್ಲ," ಎಂದರು ಆಂಟಿ. ಮರುಕ್ಷಣ, "ಅವರನ್ನ ಬಿಟ್ಟೂ ಇರಕ್ಕಾಗಲ್ವಲ್ಲೇ," ಎಂದರು. ಅತ್ತ ದರಿ, ಇತ್ತ ಪುಲಿ. ಸೀಳಿದ್ದ ಗೊಂಬೆಯಾದರೂ ಜೊತೆಗಿತ್ತು, ಈಗ ಅದೂ ಇಲ್ಲ, ತಾನೇ ಕೈಯಾರೆ ಒಯ್ದು ಬಿಟ್ಟುಬಂದೆ ಎಂದು ತಮ್ಮನ್ನೇ ಬೈದುಕೊಂಡರು.

ಶುಕ್ರವಾರ ಟ್ಯಾಕ್ಸಿಯನ್ನು ಬೀದಿಯ ಬಾಯಲ್ಲಿ ನಿಲ್ಲಿಸಿ, ಸೂಟ್‌ಕೇಸುಗಳನ್ನು ಅದರಲ್ಲೇ ಬಿಟ್ಟು (ನಾನು! ಪಾಸ್‌ಪೋರ್ಟಿನ ಚೀಲ ಮಾತ್ರ ಕೊರಳಲ್ಲಿತ್ತು) ಇಬ್ಬರೂ ಓಡಿದೆವು. ಬೆಳಗಿನ ಹೊತ್ತು, ಓಣಿ ಖಾಲಿ. ಬೀಗ ಹಾಗೇ ಇತ್ತು. ಆಂಟಿ ಬಾಗಿಲಿಗೆ ಎರಡೂ ಅಂಗೈಯಿಂದ ಬಡಿದರು. "ಸ್ವಾಮೀ! ಯಾರಾದ್ರೂ ಇದೀರಾ? ನಮ್ಮ ಯಜಮಾನ್ರು ಒಳಗಿದಾರೆ!" ಎಂದು ಅಚ್ಚ ಮೈಸೂರು ಕನ್ನಡದಲ್ಲಿ ಕೂಗಿದರು. ನಗು ಬರಬೇಕಿತ್ತು. ನನಗೆ ಅಳು ಬಂತು.

ಮೇಲೆ ಎಲ್ಲೋ ಕಿಟಕಿ ತೆರೆದ ಸದ್ದಾಯಿತು. ನಾಲ್ಕನೆಯ ಮಹಡಿಯ ಬಾಲ್ಕನಿಯಲ್ಲಿ ನೈಟಿಯ ಹೆಂಗಸೊಬ್ಬಳು ಬಾಗಿ ನೋಡಿದಳು. ಆಂಟಿಯನ್ನು, ಅವರ ಸೀರೆಯನ್ನು ಕಂಡವಳೇ ಎರಡೂ ಕೈ ಬೀಸಿ ಏನೋ ಕೂಗಿ ಒಳಗೋಡಿದಳು. ಹೊರಬಂದಾಗ ಕೈಯಲ್ಲೊಂದು ಬೆತ್ತದ ಬುಟ್ಟಿ, ಅದಕ್ಕೊಂದು ಹಗ್ಗ. ಆ ಊರಲ್ಲಿ ತರಕಾರಿ ಹಾಲು ಮೇಲಕ್ಕೆಳೆದುಕೊಳ್ಳುವ ಬುಟ್ಟಿ ಅದು. ಬುಟ್ಟಿ ಮೆಲ್ಲಗೆ ಇಳಿಯತೊಡಗಿತು. ಗಾಳಿಗೆ ತಿರುಗುತ್ತ, ಒಗೆದ ಬಟ್ಟೆಗಳ ಸಾಲು ಸವರಿಕೊಂಡು, ಒಂದು ಕಡೆ ತಂತಿಗೆ ಸಿಕ್ಕಿ ವಾಲಿ… ಆಂಟಿ ಸೆರಗನ್ನು ಅಗಲಕ್ಕೆ ಹರಡಿ ಹಿಡಿದು ಕತ್ತೆತ್ತಿ ನಿಂತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಬುಟ್ಟಿ ಅವರ ಸೆರಗಿನಲ್ಲಿತ್ತು, ಅದರೊಳಗೆ ಅದೇ ರೇಷ್ಮೆ ತುಂಡಿನಲ್ಲಿ ರಾಜ.

ಮುದುಕ ಸತ್ತಿರಲಿಲ್ಲ. ಯಾವುದೋ ಹಳ್ಳಿಯ ಚರ್ಚಿನ ಜಾತ್ರೆಯ ಕೆಲಸಕ್ಕೆ ಹೋಗಬೇಕಾಗಿ ಬಂದು, ಮಂಗಳವಾರವೇ ಕೆಲಸ ಮುಗಿಸಿ, ಗೊಂಬೆಯನ್ನು ಮೇಲಿನ ಮನೆಯಲ್ಲಿ ಕೊಟ್ಟುಹೋಗಿದ್ದನಂತೆ. ಅಕ್ಕಪಕ್ಕದವರು ಮೇಲೆ ಕೈ ತೋರಿಸಿದ್ದು ಬಾಲ್ಕನಿಯನ್ನು, ಆದರೆ ಆ ಎರಡು ದಿನ ಅವಳೇ ಮನೆಯಲ್ಲಿರಲಿಲ್ಲವಂತೆ. ಇದನ್ನು ಆ ಹೆಂಗಸು ಮೇಲಿನಿಂದ ಕೂಗಿದಳು, ನಮ್ಮ ಹಿಂದೆಯೇ ಓಡಿಬಂದಿದ್ದ ಟ್ಯಾಕ್ಸಿಯವನು ಹರಕು ಇಂಗ್ಲಿಷಿನಲ್ಲಿ ತಿಳಿಸಿದ. ಆಂಟಿಗೆ ಅದೆಲ್ಲ ಕೇಳಿಸಲೇ ಇಲ್ಲ. ರಾಜನ ಎದೆಯ ಮೇಲೆ ಹೆಬ್ಬೆರಳಿಟ್ಟು ಕುತ್ತಿಗೆಯಿಂದ ಹೊಟ್ಟೆಯವರೆಗೆ ಎಳೆದರು, ಮತ್ತೆ ಎಳೆದರು. ಏನೂ ಇಲ್ಲ. ಗೆರೆ ಇಲ್ಲ, ತಗ್ಗಿಲ್ಲ, ಬಣ್ಣದಲ್ಲಿ ಎಳ್ಳಷ್ಟು ವ್ಯತ್ಯಾಸವಿಲ್ಲ. ಏರ್‌ಪೋರ್ಟ್ ತಲುಪುವವರೆಗೂ ಆ ಹೆಬ್ಬೆರಳು ಆಡುತ್ತಲೇ ಇತ್ತು.

ಸೋಮವಾರ ಆಪರೇಷನ್ ಚೆನ್ನಾಗಿ ಆಯಿತು. ಅದು ಸರ್ಜನ್ನನ ಕೈ, ನಾನು ಬಲ್ಲೆ. ಆದರೆ ಆಸ್ಪತ್ರೆಯ ವೇಟಿಂಗ್ ರೂಮಿನಲ್ಲಿ ಕೂತಿದ್ದ ಆಂಟಿಯ ತೊಡೆಯ ಮೇಲಿನ ಚೀಲವನ್ನು ನಾನೂ ನಡುನಡುವೆ ಮುಟ್ಟಿ ನೋಡುತ್ತಿದ್ದೆ.

ಆ ವರ್ಷದ ನವರಾತ್ರಿಯಲ್ಲಿ ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ ದಂಪತಿಯ ಪಕ್ಕ ಇಟಲಿಯವರೆಲ್ಲ ಸಾಲಾಗಿ ನಿಂತರು. ಕೆಮ್ಮಿದರೆ ಹೊಲಿಗೆ ಜಗ್ಗದಂತೆ ಎದೆಗೆ ದಿಂಬು ಒತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದ ಅಂಕಲ್ ಬಂದವರಿಗೆಲ್ಲ ತೋರಿಸುತ್ತಿದ್ದರು. "ನೋಡಿ, ಈ ಪಿಜ್ಜಾದವನಿಗೋಸ್ಕರ ನನ್ನ ಬಿಟ್ಟು ಹೋಗಿದ್ಲು. ನಾನು ಬದುಕ್ತೀನೋ ಇಲ್ವೋ, ಇವಳಿಗೆ ಶಾಪಿಂಗ್!" ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಆಂಟಿ ನಗುತ್ತಿದ್ದರು. ಅಡಿಗೆಮನೆಯಲ್ಲಿ ಮಕ್ಕಳಿಗೆ ಹಂಚುವ ಗೊಂಬೆ ಬಾಗಿನದ ಚಕ್ಕುಲಿ ಡಬ್ಬಿ ತುಂಬುತ್ತಿದ್ದಾಗ ನಾನು ಸಿಟ್ಟಿನಿಂದ ಕೇಳಿದೆ, ಈಗಲಾದರೂ ಹೇಳಬಾರದೇ ಎಂದು.

"ಹೇಳಿದ್ರೆ ಇನ್ಮೇಲೆ ಪ್ರತಿ ವರ್ಷ ಆ ಗೊಂಬೆ ನೋಡ್ದಾಗೆಲ್ಲ ಎದೆ ಮುಟ್ಟಿ ನೋಡ್ಕೋತಾರೆ. ಆಡ್ಕೊಳ್ಲಿ ಬಿಡು, ಆಡ್ಕೊಳಕ್ಕೆ ಜೀವ ಇದೆಯಲ್ಲ," ಅಂದರು. ನನ್ನ ಕೈ ಹಿಡಿದು ಒತ್ತಿ, "ನೀನೂ ಹೇಳ್ಬೇಡ," ಅಂದರು.

ಪ್ರತಿ ನವರಾತ್ರಿಯೂ ಅದೇ ಜೋಕು. ಹೋಗುತ್ತ ಹೋಗುತ್ತ ಅದು ಜೋಕು ಮಾತ್ರವಾಗಿತ್ತೋ, ಅದರಡಿ ಅಂಕಲ್‌ಗೆ ಸಣ್ಣದೊಂದು ಮುಳ್ಳು ಉಳಿದೇ ಇತ್ತೋ, ಯಾರಿಗೆ ಗೊತ್ತು. ನನ್ನ ಗಂಡನಿಗೆ ಓಕ್ ಬ್ರೂಕ್‌ನಲ್ಲಿ ಕೆಲಸ ಸಿಕ್ಕಿ ನಾವು ಅದಕ್ಕೆ ಹತ್ತಿರದ ಈ ಪ್ಲೇನ್‌ಫೀಲ್ಡ್‌ಗೆ ಬಂದೆವು. ಒಂದು ಏಪ್ರಿಲ್‌ನಲ್ಲಿ, ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದ ಹಾಗೇ, ಆಂಟಿಯ ಮೆದುಳಿನಲ್ಲಿ ರಕ್ತನಾಳ ಒಡೆಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಸುದ್ದಿ ತಿಳಿದು ಟ್ರಾಯ್‌ವರೆಗೆ ಡ್ರೈವ್ ಮಾಡಿದ ಆ ಹಾದಿ ನನಗೆ ನೆನಪೇ ಇಲ್ಲ. ನೆನಪಿರುವುದು ಅಲ್ಲಿ ಅಂಕಲ್ ಹೇಳಿದ ಒಂದು ಮಾತು. ಬಂದವರ ಮುಂದೆ ಆಂಟಿಯನ್ನು ಹೊಗಳುತ್ತ ಹೊಗಳುತ್ತ, "ಒಂದೇ ಒಂದು ಸಲ ನನ್ನನ್ನ ಬಿಟ್ಟು ಹೋಗಿದ್ಲು, ಇಟಲಿಗೆ," ಎಂದರು. ಅವತ್ತು ಯಾರೂ ನಗಲಿಲ್ಲ.

ಆ ಮಾತು ಎರಡು ವರ್ಷ ನನ್ನನ್ನು ತಿಂದಿದೆ. ಕೊಟ್ಟ ಮಾತು ಮುರಿಯುವುದೇ? ಮುರಿಯದೆ ಆ ಮುಳ್ಳನ್ನು ಅವರ ಪಾಲಿಗೆ ಬಿಡುವುದೇ? ಹೇಳಿದ ಮೇಲೆ ಅವರು ಎದೆ ಮುಟ್ಟಿ ನೋಡಿಕೊಂಡರೆ? ವಯೊಲಿನ್ ಅಂಗಡಿಯಲ್ಲಿ ಆ ವಾಸನೆ ಕುಡಿದ ಮೇಲೆ ಮಾತ್ರ ಇನ್ನು ತಡೆಯಲಾರೆ ಅನ್ನಿಸಿತು. ಕಳೆದ ಶನಿವಾರ ಒಬ್ಬಳೇ ಹೊರಟೆ. ದಾರಿಯುದ್ದಕ್ಕೂ ಹಿಮ. ಸ್ಟವ್ ಆರಿಸಿದೆನೋ ಎಂದು ಒಂದು ಸಲವೂ ಯೋಚಿಸಲಿಲ್ಲ.

ಅಂಕಲ್ ಇಳಿದುಹೋಗಿದ್ದಾರೆ. ಆಂಟಿ ಹೋದ ಮೇಲೆ ಆ ಮನೆಯಲ್ಲಿ ಗೊಂಬೆ ಕೂರಿಸಿಲ್ಲ. ಕಾಫಿ ಅವರೇ ಮಾಡಿಕೊಟ್ಟರು, ಸಕ್ಕರೆ ಹಾಕಲು ಮರೆತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಫರ್ನೇಸು, ಸೀಳು, ಬೀಗ, ಬುಟ್ಟಿ, ಎಲ್ಲವನ್ನೂ. ಮುಗಿದ ಮೇಲೆ ಅಂಕಲ್ ಎದ್ದು ಬೇಸ್‌ಮೆಂಟಿಗೆ ಹೋದರು. ಕೆಳಗೆ ಪೆಟ್ಟಿಗೆಗಳನ್ನು ಎಳೆದಾಡುವ ಸದ್ದು ಬಹಳ ಹೊತ್ತು ಕೇಳಿತು. ಮೇಲೆ ಬಂದಾಗ ಕೈಯಲ್ಲಿ ರಾಜನಿದ್ದ. ಜರಿ ಬಟ್ಟೆಯ ದಾರಗಳನ್ನು ಬಿಚ್ಚಿ, ಟೇಬಲ್ ಮೇಲೆ ಮಲಗಿಸಿ, ಓದುವ ಕನ್ನಡಕ ಹಾಕಿಕೊಂಡರು.

"ಎಲ್ಲಿತ್ತಮ್ಮ?"

ಕುತ್ತಿಗೆಯ ಬುಡದಲ್ಲಿ ಬೆರಳಿಟ್ಟು, ಎಡಗಡೆಯಿಂದ ಹೊಟ್ಟೆಯವರೆಗೆ ಎಳೆದು ತೋರಿಸಿದೆ. ಅಂಕಲ್ ಫೋನಿನ ಟಾರ್ಚ್ ಹಾಕಿದರು. ಹಿಂದೆ ತಿರುಗಿಸಿದರು, ಓರೆ ಹಿಡಿದರು. ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಆಮೇಲೆ ಕಿಟಕಿಯ ಹತ್ತಿರ ಒಯ್ದರು. ಹಿಮದ ಬೆಳಕಿನಲ್ಲಿ ಮರ ಒಂದೇ ಸಮನೆ ಕೆಂಪಗೆ ಹೊಳೆಯಿತು.

"ಇಷ್ಟುದ್ದ ಸೀಳಿತ್ತು ಅಂದ್ರೆ ಗುರುತು ಇರ್ಲೇಬೇಕಲ್ಲಮ್ಮ," ಅಂದರು. ಎಂಜಿನಿಯರ್ ದನಿ. ರಾಜನನ್ನು ಮತ್ತೆ ಟೇಬಲ್ ಮೇಲೆ ಮಲಗಿಸಿ ಬೇರೆಯೇ ದನಿಯಲ್ಲಿ, "ನಂಬ್ತೀನಿ. ನೀನು ಸುಳ್ಳು ಹೇಳಲ್ಲ. ಆದ್ರೂ ಒಂದು ಸಲ ನೋಡ್ಬೇಕು ಅನ್ಸುತ್ತೆ. ಸರಿಯಾಗಿ ತೋರ್ಸು. ಎಲ್ಲಿತ್ತು?"

ನಾನು ಮತ್ತೆ ಬೆರಳಿಟ್ಟೆ. ಈ ಸಲ ನನಗೇ ಅನುಮಾನವಾಯಿತು. ಇಲ್ಲಿತ್ತೇ, ಇನ್ನೊಂದು ಚೂರು ಈಚೆಗೆ ಇತ್ತೇ… ಹುಡುಕಿದರೂ ಸಿಗಬಾರದು ಎಂದು ಮುದುಕನ ಹತ್ತಿರ ಹಟ ಹಿಡಿದದ್ದು ಆಂಟಿ. ಅಲ್ಲೇ ಎಂದು ಗುರುತು ಹಿಡಿಯಬಲ್ಲ ಹೆಬ್ಬೆರಳೂ ಅವರದೊಂದೇ ಆಗಿತ್ತು. ಅದು ಈಗ ಇಲ್ಲ. ನನಗೆ ಗೊತ್ತಾಗುತ್ತಿಲ್ಲ ಅಂಕಲ್ ಎಂದೆ.

ಅಂಕಲ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡು, ಮತ್ತೆ ಹಾಕಿಕೊಂಡು, ರಾಜನ ಕುತ್ತಿಗೆಯಿಂದ ಮತ್ತೆ ಹುಡುಕಲು ಶುರುಮಾಡಿದರು.